ತುಳಿಯದ ಮಣ್ಣು

ಡಾಕ್ಟರ್ ಚಂದ್ರಪ್ರಭಾ ಜನ್ಮದಲ್ಲಿ ಮಾಡಿದ್ದು ಒಂದೇ ಕಳ್ಳತನ, ಅದೂ ಗಣಪತಿಗೋಸ್ಕರ. ಕದ್ದಿದ್ದೇನು ಅಂತೀರಿ? ಒಂದು ಡಬ್ಬಿ ಮಣ್ಣು!

ಡರ್ಬಿಯಿಂದಾಚೆ, ಆಕೆ ಊರಡಾಕ್ಟರಾಗಿರುವ ಇಂಗ್ಲಿಷ್ ಹಳ್ಳಿಯ ಪಕ್ಕದಲ್ಲಿ, ಫ್ರ್ಯಾಂಕ್ ಎಂಬ ರೈತನ ಹುಲ್ಲುಗಾವಲಿದೆ. ಅದರ ನಡುವೆ ಚೌಕನೆಯ ತಗ್ಗು. ಫ್ರ್ಯಾಂಕ್ ಪ್ರಕಾರ ಅದು ಅವನ ತಾತಂದಿರು ತೋಡಿಸಿದ ದನದ ಹೊಂಡ. ಅಲ್ಲವೇ ಅಲ್ಲ, ಏಳೆಂಟು ನೂರು ವರ್ಷದ ಹಿಂದೆ ಇಲ್ಲೊಬ್ಬ ಜಮೀನ್ದಾರ ಮನೆ ಕಟ್ಟಿಸಿ, ಸುತ್ತ ಕಂದಕ ತೋಡಿಸಿದ್ದ ಎನ್ನುವುದು ಹೇಝಲ್‌ಳ ವಾದ. ಹೇಝಲ್ ಪುರಾತತ್ವ ಕಲಿತವಳು. ಊರಿನ ಆಸಕ್ತರನ್ನು ಕಟ್ಟಿಕೊಂಡು ಶನಿವಾರ ಶನಿವಾರ ಅಲ್ಲಿ ಗುಂಡಿ ಅಗೆಸುತ್ತಾಳೆ. ಸುಮ್ಮನೆ ನೋಡೋಣವೆಂದು ಹೋದ ಚಂದ್ರಪ್ರಭಾಗೂ ಅದರ ಹುಚ್ಚು ಹತ್ತಿತು. ವಾರವಿಡೀ ಜನರ ಕೆಮ್ಮು, ಮಂಡಿನೋವು ಕೇಳಿ ದಣಿದ ಜೀವಕ್ಕೆ ಆ ಕೆಸರೇ ಹಾಯೆನಿಸುತ್ತಿತ್ತು.

ಗೌರಿಹಬ್ಬದ ಹಿಂದಿನ ಶನಿವಾರ ಗುಂಡಿಯ ತಳದಲ್ಲಿ ಬೂದುಬಣ್ಣದ ಜೇಡಿಮಣ್ಣು ಕಾಣಿಸಿತು. ಬೆಣ್ಣೆ ಕಣ್ರೀ, ಅಪ್ಪಟ ಬೆಣ್ಣೆ! ಬೇರೆಯವರು ಹಬ್ಬಕ್ಕೆ ಕಾರು ಹತ್ತಿ ದೂರದ ಟಿವಿಡೇಲ್ ಊರಿನ ದೇವಸ್ಥಾನಕ್ಕೆ ಹೋಗಿ ಕೈಮುಗಿದು ಬರುತ್ತಾರೆ. ಈಕೆಗೆ ಮಾತ್ರ ಸ್ವಂತ ಕೈಯಲ್ಲೇ ಗಣಪನನ್ನು ಮಾಡಬೇಕು. ಅಗೆದುಹಾಕಿದ ಮಣ್ಣಿನ ಗುಡ್ಡೆಯಿಂದ ತೆಗೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಅದನ್ನು ಎಲ್ಲರೂ ಬೂಟುಗಾಲಲ್ಲಿ ತುಳಿದಿದ್ದರು. ತುಳಿದ ಮಣ್ಣಲ್ಲಿ ದೇವರನ್ನು ಮಾಡುವುದುಂಟೆ? ಮೈಸೂರಿನ ಅಜ್ಜಿ ಕಲಿಸಿದ ಮಡಿ ಅಷ್ಟು ಸುಲಭಕ್ಕೆ ಬಿಟ್ಟೀತೆ! ಎಲ್ಲರೂ ಟೀಗೆ ಹೋದಾಗ ಸ್ಟೀಲ್ ಡಬ್ಬಿ ತೊಳೆದು, ಗುಂಡಿಯ ಗೋಡೆಯ ಬುಡಕ್ಕೆ ಒತ್ತಿ ತಿರುಗಿಸಿ, ಭರ್ತಿ ಮಣ್ಣು ಕಿತ್ತುಕೊಂಡಳು. ಹಿಡಿ ಮಣ್ಣಿಂದ ಯಾರಪ್ಪನ ಗಂಟು ಹೋಗುತ್ತೆ ಅಂತ ಅವಳ ಲೆಕ್ಕ.

ಲೆಕ್ಕ ತಪ್ಪಿದ್ದು ಚೌತಿಯ ದಿನ. ಕಡುಬು ಬಾಯಿಗಿಡುವಾಗ ಹೇಝಲ್‌ಳ ಮೆಸೇಜು ಬಂತು. ಗುಂಡಿಯ ಗೋಡೆಯನ್ನು ಯಾರೋ ಕೊರೆದಿದ್ದಾರೆ, ಮೆಟಲ್ ಡಿಟೆಕ್ಟರ್ ಹಿಡಿದು ತಿರುಗುವ ಕಳ್ಳರಿರಬೇಕು. ಫ್ರ್ಯಾಂಕ್ ಕೆಂಡವಾಗಿದ್ದಾನೆ, ಗೇಟಿಗೆ ಹೊಸ ಬೀಗ ತಂದಿದ್ದಾನೆ. ಶನಿವಾರ ಬಂದು ಸಾಮಾನು ತೆಗೆದುಕೊಂಡು ಹೋಗಿ, ಅಗೆತ ಇಲ್ಲಿಗೆ ಮುಗಿಯಿತು.

ಕಡುಬು ಗಂಟಲಲ್ಲೇ ನಿಂತಿತು. “ಅಯ್ಯೋ ರಾಮ, ಆ ಕಳ್ಳಿ ನಾನೇ ಕಣ್ರೀ!”

ವಿಮಾನದ ಇಂಜಿನ್ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ ಗಂಡ ಅಚ್ಯುತ ನಕ್ಕುಬಿಟ್ಟ. “ಸುಮ್ನಿರು ಮಾರಾಯ್ತಿ. ಆ ಫ್ರ್ಯಾಂಕ್ ಬಿಪಿ ನೋಡೋಳು ನೀನೇ. ನಮ್ಮ ಡಾಕ್ಟರು ಮಣ್ಣುಕಳ್ಳಿ ಅಂತ ಊರೆಲ್ಲ ಆಡ್ಕೊಂಡ್ರೆ ಚೆನ್ನಾಗಿರುತ್ತಾ?”

ಸಂಜೆ ಆರತಿ ಮಾಡಿ, ಹಿತ್ತಲಲ್ಲಿ ಬಕೆಟ್ ನೀರಿಗೆ ಗಣಪನನ್ನು ಬಿಟ್ಟರು. ಬೆಳಗಾಗುವಷ್ಟರಲ್ಲಿ ಕರಗಿದ್ದ. ಕೆಸರಲ್ಲಿ ಕೈಯಾಡಿಸಿದರೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನದೇನೋ ಬೆರಳಿಗೆ ತಗುಲಿತು. ತೊಳೆದು ನೋಡಿದಳು. ಬೆಳ್ಳಿ! ನಾಣ್ಯವೊಂದನ್ನು ನಾಲ್ಕು ಪಾಲು ಮಾಡಿದ್ದರಲ್ಲಿ ಒಂದು ಪಾಲು. ಆ ಜಮೀನ್ದಾರನ ಕಾಲದವರು ಚಿಲ್ಲರೆಗೆ ಹಾಗೆ ಕತ್ತರಿಸುತ್ತಿದ್ದರೆಂದು ಹೇಝಲ್ ಹೇಳಿದ್ದಳು.

ಅಚ್ಯುತನ ನಗು ನಿಂತಿತು. “ಈಗಂತೂ ಬಾಯಿ ಬಿಡ್ಬೇಡ. ಮಣ್ಣಾದ್ರೆ ನಗ್ತಾರೆ, ಬೆಳ್ಳಿಗೆ ಯಾರೂ ನಗಲ್ಲ.”

ಚಂದ್ರಪ್ರಭಾಗೂ ಹೌದೆನಿಸಿತು. ಆದರೆ ಹೇಝಲ್ ವರ್ಷಗಟ್ಟಲೆ ಕಾದದ್ದು ಇಂಥದ್ದೊಂದು ಚೂರಿಗೆ. ಅದನ್ನು ಬಚ್ಚಿಟ್ಟುಕೊಂಡು ಮುಂದಿನ ವರ್ಷ ಯಾವ ಮುಖ ಹೊತ್ತು ಗಣಪನ ಮುಂದೆ ನಿಲ್ಲುವುದು?

ಶನಿವಾರ ಡಬ್ಬಿ, ಬೆಳ್ಳಿ ಚೂರು, ಕೆಸರಿನ ಬಕೆಟ್ಟು ಎಲ್ಲ ಹೊತ್ತು ಗಂಡನೊಂದಿಗೆ ಹೋದಳು. ಗೇಟಿನಲ್ಲಿ ಬೀಗ ಹಿಡಿದು ನಿಂತಿದ್ದ ಫ್ರ್ಯಾಂಕ್‌ನ ಮುಂದೆ, ಹೇಝಲ್‌ಳ ಮುಂದೆ, ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ಬೆಳ್ಳಿ ಚೂರು ಕಂಡು ಹೇಝಲ್‌ಳ ಮುಖ ಅರಳಿ, ಹಾಗೇ ಬಾಡಿತು.

“ಎಲ್ಲಿ ಸಿಕ್ತು ಅಂತ ತೋರಿಸೋಕಾಗದಿದ್ರೆ ಇದು ಬರೀ ಬೆಳ್ಳಿ ಚೂರು ಚಂದ್ರಾ. ಕಂದಕದ್ದೇ ಅಂತ ಯಾರು ನಂಬ್ತಾರೆ?”

ಚಂದ್ರಪ್ರಭಾ ಗುಂಡಿಗಿಳಿದು, ಗೋಡೆಯ ತೂತಿಗೆ ಡಬ್ಬಿ ತೂರಿಸಿದಳು. ಅಂಚಿನವರೆಗೂ ಸರಿಯಾಗಿ ಕೂತಿತು. “ಇಲ್ಲಿ. ಯಾರೂ ತುಳಿಯದ ಮಣ್ಣೇ ಬೇಕಿತ್ತು ನನಗೆ.”

ಹೇಝಲ್ ಮಂಡಿಯೂರಿ ನೋಡಿದಳು. ಮೇಲಿನ ಪದರಗಳೆಲ್ಲ ಒಂದಿಷ್ಟೂ ಕದಡದೆ ಇದ್ದವು, ಚೂರು ಆಮೇಲೆ ಸೇರಿದ್ದಲ್ಲ. ತೂತಿದ್ದದ್ದು ತೀರ ತಳದಲ್ಲಿ, ಕಂದಕ ತೋಡಿದ ಹೊಸದರಲ್ಲಿ ನೀರಿನಡಿ ಕೂತ ಮೊದಲ ಕೆಸರಲ್ಲಿ.

“ದನದ ಹೊಂಡ ಅಲ್ಲ ಫ್ರ್ಯಾಂಕ್,” ಎಂದಳು. ಆಮೇಲೆ ಇವಳ ಕಡೆ ತಿರುಗಿ, “ನೀನಿನ್ನು ಗುಂಡಿಗಿಳಿಯೋ ಹಾಗಿಲ್ಲ. ಮಡಕೆ ಚೂರು ತೊಳ್ಕೊಂಡು ಕೂತಿರು!” ಎಂದು ಗದರಿ, ಕೆಸರುಗೈಯಲ್ಲೇ ತಬ್ಬಿಕೊಂಡಳು.

ಬಕೆಟ್ಟಿನ ಕೆಸರನ್ನೂ ಸೋಸಿದ್ದಾಯಿತು, ಬೇರೇನೂ ಸಿಗಲಿಲ್ಲ. ಉಳಿದದ್ದನ್ನು ಕಂದಕದಲ್ಲಿ ನೀರು ನಿಂತ ಮೂಲೆಗೆ ಬಿಡಲೇ ಎಂದು ಚಂದ್ರಪ್ರಭಾ ಫ್ರ್ಯಾಂಕ್‌ನನ್ನು ಕೇಳಿದಳು. ಈ ಸಲ ಕೇಳಿಯೇ ಮಾಡಿದಳು ನೋಡಿ.

“ಅದರಲ್ಲೇನಿದೆ?”

“ನಮ್ಮ ದೇವರು.”

ಫ್ರ್ಯಾಂಕ್ ಟೋಪಿ ತೆಗೆದು ನಿಂತ. ಬಕೆಟ್ಟಿನಲ್ಲಿ ಮುಳುಗಿದ್ದ ಗಣಪ ತನ್ನ ನೀರಿಗೇ ಮರಳಿದ. ಚಂದ್ರಪ್ರಭಾಗೆ ಅಳು ತಡೆಯಲಾಗಲಿಲ್ಲ.

“ನಾನು ಹಾಲು ಕರೆಯೋಕೆ ಹೊರಟೆ,” ಎಂದ ಫ್ರ್ಯಾಂಕ್, ಅವಳ ಕೆಸರುಗೈಗೆ ಹೊಸ ಬೀಗದ ಕೀಲಿ ಹಾಕುತ್ತ. “ಹೋಗುವಾಗ ಗೇಟಿಗೆ ಬೀಗ ಹಾಕಿ ಡಾಕ್ಟರ್. ಮುಂದಿನ ಶನಿವಾರ ತೆಗೆಯೋದೂ ನೀವೇ.”

“ಕಳ್ಳಿ ಕೈಗೇ ಬೀಗದಕೈ ಕೊಟ್ಟು ಹೋದನಲ್ಲೇ!” ಎಂದ ಅಚ್ಯುತ.

ಚಂದ್ರಪ್ರಭಾ ಕೀಲಿಯನ್ನು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.