ಬೇರೆ ಸಾಲು

ಸತ್ತವಳ ಪಾದಕ್ಕೆ ಹೂವು ಇಡಲೆಂದು ಮುದುಕರೊಬ್ಬರು ಬಗ್ಗುವಷ್ಟರಲ್ಲಿ ಆಕೆಯ ತಮ್ಮ, ಮಗಳ ಸೋದರಮಾವ, ಅವರ ಮಣಿಕಟ್ಟು ಹಿಡಿದ.

"ನೀವು ಯಾರು ಅಂತ ನನಗೆ ಗೊತ್ತು," ಎಂದ, ಪಕ್ಕದವರಿಗೂ ಕೇಳದಷ್ಟು ಮೆಲ್ಲಗೆ. "ಹೂವು ಇಟ್ಟು ಹೋಗೋದಾದ್ರೆ ಇಡಿ. ಇನ್ನೇನಾದ್ರೂ ಮನಸ್ಸಲ್ಲಿದ್ರೆ, ಇವತ್ತು ಬೇಡ."

ಮುದುಕರು ಕೈ ಬಿಡಿಸಿಕೊಂಡು, ಹೂವನ್ನು ಪಾದದ ಬಳಿ ಇಟ್ಟು, ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತರು. ಮಾವ ಅವರಿಗೆ ಸರಿಯಾಗಿ ಎದುರಿನ ಕುರ್ಚಿಯನ್ನೇ ಆರಿಸಿಕೊಂಡ.

ಬಂದವರಿಗೆ ನೀರು ಕೊಡುತ್ತಿದ್ದ ಮಗಳು ಇದನ್ನೆಲ್ಲ ನೋಡಿದಳು. ಯಾರು ಅವರು ಎಂದು ಕೇಳಿದ್ದಕ್ಕೆ ಮಾವ ಕಿವಿಯಲ್ಲಿ ಹೇಳಿದ: "ನಿಮ್ಮಮ್ಮ ಹಿಂದೆ ಒಬ್ಬರನ್ನ ಕುರ್ಚಿಯಿಂದ ಇಳಿಸಿದ್ದಳು, ಆ ಹೆಡ್ಮಾಸ್ಟರು. ನಿಜವಾಗ್ಲೂ ಸತ್ತಳಾ ಅಂತ ಖಾತ್ರಿ ಮಾಡ್ಕೊಳ್ಳೋಕೆ ಬಂದಿರಬೇಕು."

ಶಾಲೆಗಳಲ್ಲಿ ಮಕ್ಕಳ ಆರೋಗ್ಯ ಕಾರ್ಯಕ್ರಮ ನಿಜವಾಗಿ ನಡೆಯುತ್ತಿದೆಯೋ, ಬರೀ ಕಾಗದದ ಮೇಲಿದೆಯೋ ಎಂದು ನೋಡುವುದು, ಕುಂದುಕೊರತೆ ಕಂಡರೆ ಸರಿಪಡಿಸುವುದು ಸತ್ತವಳ ಕೆಲಸವಾಗಿತ್ತು. ಮೇಷ್ಟ್ರುಗಳೆಲ್ಲ ಆಕೆಯನ್ನು ಬೆನ್ನ ಹಿಂದೆ 'ಸಂಶಯದ ಮೇಡಂ' ಎನ್ನುತ್ತಿದ್ದರು. ಒಬ್ಬಿಬ್ಬರು ಬಾಯಿತಪ್ಪಿ ಎದುರಿಗೇ ಅಂದದ್ದೂ ಉಂಟು. ಕೈ ತೊಳೆಯುವ ಕಡೆ ಸೋಪು ಕಂಡರೆ ಬೆರಳಿಂದ ಮುಟ್ಟಿ, ಇದಕ್ಕೆ ಇನ್ನೂ ನೀರೇ ಸೋಕಿಲ್ಲವಲ್ಲ ಎನ್ನುತ್ತಿದ್ದಳು. ತೂಕದ ಯಂತ್ರದ ಮೇಲೆ ಮೊದಲು ತಾನೇ ಹತ್ತುತ್ತಿದ್ದಳು. ಅದು ತನ್ನನ್ನು ತೆಳ್ಳಗೆ ತೋರಿಸಿದರೆ ಖುಷಿಪಡದೆ ರಿಪೇರಿಗೆ ಕಳಿಸುತ್ತಿದ್ದಳು. ಶಾಲೆಯವರು ಕೊಟ್ಟ ಚಹಾ ಮುಟ್ಟುತ್ತಿರಲಿಲ್ಲ. ಮನೆಯಲ್ಲೂ ಅದೇ ಬುದ್ಧಿ. ಮಗಳು ಹೊಟ್ಟೆನೋವು ಎಂದರೆ ನಾಲಿಗೆ ನೋಡಿ, ಕಣ್ಣು ನೋಡಿ, ಆಮೇಲೆ ಇವತ್ತು ಶಾಲೆಯಲ್ಲಿ ಯಾವ ಪಾಠ ಇದೆ ಎಂದು ವಿಚಾರಿಸುತ್ತಿದ್ದಳು.

ಆಕೆಯ ಜೊತೆ ಊರೆಲ್ಲ ತಿರುಗಿದ್ದ ನರ್ಸ್ ಬೆಳಿಗ್ಗೆಯೇ ಸಮವಸ್ತ್ರದಲ್ಲಿ ಬಂದು ಕೂತಿದ್ದಳು. ಹೆಡ್ಮಾಸ್ಟರನ್ನು ಕಂಡದ್ದೇ ಅವಳ ಮುಖ ಗಂಟಾಯಿತು. ಈ ಮನುಷ್ಯ ಹಿಂದೆ ಆಫೀಸಿನ ಮುಂದೆ ಬಂದು ಕೂಗಾಡಿದ್ದನ್ನು ನೆನೆಸಿಕೊಂಡು, ಇವರ ಮೇಲೆ ಒಂದು ಕಣ್ಣಿಟ್ಟಿರಿ ಎಂದು ಮಾವನಿಗೆ ಹೇಳಿದಳು. ತಾನು ಮಾತ್ರ ದೇಹ ಎತ್ತುವ ತನಕ ನಿಲ್ಲಲಿಲ್ಲ. ದೊಡ್ಡ ರಸ್ತೆಯ ಶಾಲೆಯಲ್ಲಿ ಇವತ್ತು ಮಕ್ಕಳ ಕಣ್ಣು ಪರೀಕ್ಷೆಯಂತೆ. ಅದನ್ನು ನಿಲ್ಲಿಸಿದರೆ ಮೇಡಂ ಎದ್ದು ಬಂದು ಬೈಯುತ್ತಾರೆ ಎಂದು ಮೂಗು ಒರೆಸಿಕೊಳ್ಳುತ್ತ ಹೊರಟಳು. ಮಾವನಿಗೆ ಅದರ ಮೇಲೂ ಅನುಮಾನ. ಇಷ್ಟು ವರ್ಷ ಜೊತೆಗಿದ್ದವಳು ಇವತ್ತೇ ಓಡಬೇಕಾ ಎಂದು ಗೊಣಗಿದ.

*

ಹೆಡ್ಮಾಸ್ಟರರ ಶಾಲೆಯಿಂದ ಎಷ್ಟೋ ವರ್ಷಗಳ ಹಿಂದೆ, ಒಂದು ಮಗುವಿಗೂ ಕಣ್ಣಿನ ತೊಂದರೆ ಇಲ್ಲ ಎಂಬ ವರದಿ ಬಂದಿತ್ತು. ಸಂಶಯದ ಮೇಡಂಗೆ ಅಷ್ಟೇ ಸಾಕಾಯಿತು. ಹೇಳದೆ ಕೇಳದೆ ಹೋಗಿ, ಗೋಡೆಯ ಮೇಲಿನ ಅಕ್ಷರದ ಪಟ ತೆಗೆದು, ನೋಡಲು ಹಾಗೇ ಇದ್ದರೂ ಅಕ್ಷರಗಳು ಬೇರೆ ಇರುವ ಇನ್ನೊಂದನ್ನು ತೂಗುಹಾಕಿದಳು. ಎಷ್ಟೋ ಮಕ್ಕಳು ಒಂದು ಕಣ್ಣು ಮುಚ್ಚಿಕೊಂಡು, ಹಳೆಯ ಪಟದ ಅಕ್ಷರಗಳನ್ನೇ ತಡವರಿಸದೆ ಒಪ್ಪಿಸಿದರು.

ಈ ಮಕ್ಕಳಿಗೆ ಮಗ್ಗಿ ಬಾಯಿಗೆ ಬರುವುದಿಲ್ಲ, ಇದು ಹೇಗೆ ಬಂತು ಎಂದು ಆಕೆ ಕೇಳಿದಳು. ಹೆಡ್ಮಾಸ್ಟರು ತನಗೇನೂ ಗೊತ್ತಿಲ್ಲ ಎಂದರು. ಅವರ ಹಣೆ ಬೆವರಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಕಂಡಿತು ಆಕೆಗೆ.

"ಬೆಂಕಿ ಇಲ್ಲದೆ ಹೊಗೆ ಬರಲ್ಲ ಸಾರ್. ಒಳ್ಳೆ ಹೆಸರು ಬರಲಿ ಅಂತ ನೀವೇ ಬಾಯಿಪಾಠ ಮಾಡಿಸಿದ್ದೀರಿ."

"ನಿಮ್ಮ ಮನೇಲೂ ಒಂದು ಮಗು ಇದೆಯಲ್ಲ ಮೇಡಂ," ಎಂದರು ಹೆಡ್ಮಾಸ್ಟರು. ಸಿಟ್ಟಿಗೆ ಅವರ ಧ್ವನಿ ಒಡೆದಿತ್ತು. "ಅದರ ಕಣ್ಣನ್ನ ಹೀಗೆ ನೋಡಿದ್ದೀರಾ ಯಾವತ್ತಾದ್ರೂ?"

ಆಕೆ ಅದನ್ನು ಉದ್ಧಟತನ ಎಂದುಕೊಂಡಳು. ವರದಿ ಹೋಯಿತು. ಹೆಡ್ಮಾಸ್ಟರು ಕುರ್ಚಿ ಕಳೆದುಕೊಂಡು, ಇನ್ನೊಂದು ಶಾಲೆಯಲ್ಲಿ ಬರೀ ಮೇಷ್ಟ್ರಾದರು.

*

ವ್ಯಾನು ಬಂದು ನಿಂತಾಗ ಹೆಡ್ಮಾಸ್ಟರು ಎದ್ದು, ಮಗಳ ಹತ್ತಿರ ಒಂದು ಮಾತಾಡಬೇಕಿತ್ತು ಎಂದರು. ಮಾವ ಅಡ್ಡ ಬಂದ. ನಾಲ್ಕು ಜನರ ಮುಂದೆ ರಾದ್ಧಾಂತ ಬೇಡವೆಂದು ಮಗಳೇ ಅವರನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು. ಮಾವ, ನಲ್ಲಿ ಸೋರುತ್ತಿದೆಯಾ ನೋಡುತ್ತೇನೆ ಎಂಬ ನೆಪದಲ್ಲಿ ಹಿಂದೆಯೇ ಬಂದು ಬಾಗಿಲಿಗೆ ಒರಗಿದ.

ಹೆಡ್ಮಾಸ್ಟರು ನಡೆದದ್ದನ್ನು ಹೇಳಿದರು: ಪಟದ ವಿಷಯ, ತಾನು ಸಿಟ್ಟಿನಲ್ಲಿ ಆಡಿದ ಮಾತು, ಕುರ್ಚಿ ಹೋದದ್ದು. ಮಗಳು ಕೈಕಟ್ಟಿ ಕೇಳುತ್ತಿದ್ದಳು. ಈ ಮನುಷ್ಯ ತನ್ನ ಬಾಯಿಂದ ಏನನ್ನೋ ಹೊರಡಿಸಲು ಬಂದಿದ್ದಾನೆ, ಅದನ್ನು ನಾಳೆ ಎಲ್ಲಿಗೋ ಒಯ್ಯುತ್ತಾನೆ ಎಂದೇ ಅವಳಿಗೆ ಅನಿಸುತ್ತಿತ್ತು.

"ಆಮೇಲೆ ನಿಮ್ಮಮ್ಮನೇ ಆ ವರದೀನ ವಾಪಸ್ ತಗೊಂಡ್ರು," ಎಂದರು ಅವರು. "'ನನ್ನ ತೀರ್ಮಾನ ತಪ್ಪು' ಅಂದ್ರಂತೆ. ಯಾಕೆ ತಪ್ಪು ಅಂತ ಹೇಳಲಿಲ್ಲ. ನನ್ನ ಕುರ್ಚಿ ನನಗೆ ಬಂತು. ಆದ್ರೆ ಯಾರ ಕಾಲು ಹಿಡಿದ್ರಿ ಅಂತ ನನ್ನ ಹೆಂಡತೀನೇ ಕೇಳಿದಳು."

ಸ್ವಲ್ಪ ದಿನದ ಮೇಲೆ ಮೇಡಂ ಹೆಡ್ಮಾಸ್ಟರರ ಮನೆಗೂ ಹೋಗಿದ್ದಳಂತೆ. ಇದು ಇನ್ನೊಂದು ಪರೀಕ್ಷೆ ಇರಬೇಕು ಎಂದುಕೊಂಡು ಅವರು ಬಾಗಿಲು ತೆಗೆಯಲಿಲ್ಲ. ಆಕೆ ಬಹಳ ಹೊತ್ತು ನಿಂತಿದ್ದು ಹೋದದ್ದನ್ನು ಕಿಟಕಿಯ ಸಂದಿಯಿಂದ ನೋಡಿದರು. ಮತ್ತೆ ಆಕೆ ಬರಲಿಲ್ಲ, ಇವರೂ ಹೋಗಲಿಲ್ಲ.

"ನನಗೆ ಇಷ್ಟೇ ಗೊತ್ತಾಗಬೇಕು. ಅವರು ನನ್ನನ್ನ ನಂಬಿದ್ರಾ, ಇಲ್ಲ ಮೇಲಿನವರು ಯಾರಾದ್ರೂ ನಂಬಿಸಿದ್ರಾ?"

ಮಗಳು ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟಳು.

*

ಒಂದು ಸಂಜೆ ಅಮ್ಮ ಕೆಲಸದಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಅಕ್ಷರದ ಪಟವನ್ನು ಬಾಗಿಲಿಗೆ ಸಿಕ್ಕಿಸಿ, ಓದು ಎಂದಿದ್ದಳು. ಮಗಳು ಆಗಿನ್ನೂ ಚಿಕ್ಕವಳು. ಒಂದು ಕಣ್ಣು ಮುಚ್ಚಿ ಮೇಲಿನ ಸಾಲಿನಿಂದ ಕೆಳಗಿನ ಸಾಲಿನ ತನಕ ಸರಾಗವಾಗಿ ಹೇಳಿದಳು. ಅಮ್ಮ ಸಿಕ್ಕಿಸಿದ್ದ ಪಟ ತಲೆಕೆಳಗಾಗಿತ್ತು.

"ಯಾರು ಹೇಳಿಕೊಟ್ಟರು?"

"ಯಾರೂ ಇಲ್ಲ. ಮುಂದಿನವರು ಹೇಳೋದನ್ನ ಕೇಳಿಸ್ಕೊಂಡು ನಾವೇ ಕಲಿತ್ಕೋತೀವಿ."

"ಕಣ್ಣು ಕಾಣಲ್ಲ ಅಂತ ನನಗ್ಯಾಕೆ ಹೇಳಲಿಲ್ಲ ಪುಟ್ಟೀ?"

"ತಪ್ಪು ಓದಿದವರನ್ನ ಬೇರೆ ಸಾಲಲ್ಲಿ ನಿಲ್ಲಿಸ್ತಾರಮ್ಮ. ಎಲ್ಲರೂ ನೋಡ್ತಾರೆ. ಆಮೇಲೆ ವರ್ಷ ಪೂರ್ತಿ ಕುರುಡಿ ಅಂತಾರೆ."

ಅಮ್ಮ ನೆಲದ ಮೇಲೆ ಕೂತಳು. ಬೇರೆ ಸಾಲು ಎಲ್ಲ ಶಾಲೆಗಳಲ್ಲೂ ಇತ್ತು. ಕನ್ನಡಕ ಬೇಕಾದ ಒಂದು ಮಗುವೂ ತಪ್ಪಿಹೋಗಬಾರದು ಎಂದು ಆ ಸಾಲನ್ನು ಮಾಡಿಸಿದವಳು ಆಕೆಯೇ. ಸೋಪನ್ನು ಅನುಮಾನಿಸಿದ್ದಳು, ತೂಕದ ಯಂತ್ರವನ್ನು ಅನುಮಾನಿಸಿದ್ದಳು, ಮಗಳ ಹೊಟ್ಟೆನೋವನ್ನೂ ಬಿಟ್ಟಿರಲಿಲ್ಲ. ತಾನು ಮಾಡಿದ ಸಾಲನ್ನು ಮಾತ್ರ ಒಮ್ಮೆಯೂ ಅನುಮಾನಿಸಿರಲಿಲ್ಲ.

*

"ನಂಬಿಸಿದ್ದು ನಾನೇ," ಎಂದಳು ಮಗಳು. ಆ ಸಂಜೆಯ ಕತೆಯನ್ನು ನೆಲ ನೋಡುತ್ತಲೇ ಹೇಳಿದಳು. ಅದಾದ ಮೇಲೆ ಅಮ್ಮ ಎಲ್ಲ ಶಾಲೆಗಳಲ್ಲೂ ಆ ಸಾಲು ತೆಗೆಸಿದಳು. ಬಾಗಿಲು ಹಾಕಿದ ಕೋಣೆಗೆ ಒಂದೊಂದೇ ಮಗು, ಮಗುವಿಗೊಂದು ಪಟ, ಒಳಗೆ ಆದದ್ದು ಹೊರಗೆ ಗೊತ್ತಾಗಕೂಡದು ಎಂದು ಮಾಡಿಸಿದಳು. ಅದು ಮಗಳಿಗೂ ಗೊತ್ತಿತ್ತು. ಆ ಸಂಜೆಯ ಹಿಂದೆ ಒಬ್ಬರು ಹೆಡ್ಮಾಸ್ಟರು ಇದ್ದರು ಎಂಬುದು ಮಾತ್ರ ಅವಳಿಗೆ ಈಗಲೇ ತಿಳಿದದ್ದು.

"ಇವಳಿಗೆ ಕನ್ನಡಕ ಹೇಗೆ ಬಂತು ಅಂದ್ರೆ, ಓದಿ ಓದಿ ಬಂತು ಅಂದಿದ್ದಳು ಅಕ್ಕ," ಎಂದ ಮಾವ, ಬಾಗಿಲ ಬಳಿಯಿಂದ. "ನನಗೂ ಸುಳ್ಳು."

ಹೆಡ್ಮಾಸ್ಟರು ಮಗಳ ಕಡೆ ತಿರುಗಿದರು. "ನನಗೆ ಒಂದು ಮಾತು ಹೇಳಿದ್ರೆ ಸಾಕಿತ್ತು."

ಮಗಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. "ನೀವು ಬಾಗಿಲು ತೆಗೆದಿದ್ರೆ ಅಮ್ಮ ಹೇಳ್ತಿದ್ದಳೋ ಏನೋ," ಎಂದಳು.

ಅವರು ಹೌದೆನ್ನುವಂತೆ ತಲೆಯಾಡಿಸಿದರು. ಹೊರಗಿನಿಂದ ಯಾರೋ ಹೊತ್ತಾಯಿತು ಎಂದು ಕರೆದರು. ದೇಹ ಎತ್ತುವಾಗ ಒಂದು ಕಡೆ ಕೈ ಕಡಿಮೆ ಬಿತ್ತು; ಹೆಡ್ಮಾಸ್ಟರು ಮುಂದೆ ಬಂದರು. ಮಾವ ಅವರನ್ನೊಮ್ಮೆ ನೋಡಿ, ಪಕ್ಕಕ್ಕೆ ಸರಿದು ಜಾಗ ಕೊಟ್ಟ.

ಚಿತಾಗಾರದ ಕೆಲಸ ಬೇಗ ಮುಗಿಯಿತು. ಬರುವಾಗ ಹೆಡ್ಮಾಸ್ಟರು ತನ್ನನ್ನು ದೊಡ್ಡ ರಸ್ತೆಯ ಶಾಲೆಯ ಹತ್ತಿರ ಇಳಿಸಿ ಎಂದರು. ಅಲ್ಲೇನು ಕೆಲಸ ಎಂದು ಮಾವ ಕೇಳಿದ. ಕೆಲಸ ಏನಿಲ್ಲ, ನೋಡಬೇಕು ಅಷ್ಟೇ ಎಂದರು. ಅವರು ಇಳಿದಾಗ ಮಗಳೂ ಇಳಿದಳು. ಸ್ವಲ್ಪ ಯೋಚಿಸಿ ಮಾವನೂ ಇಳಿದ.

ಮೂವರೂ ಕಾಂಪೌಂಡಿನ ಹೊರಗೇ ನಿಂತರು. ಜಗಲಿಯ ಕೊನೆಯ ಕೋಣೆಯ ಬಾಗಿಲು ಹಾಕಿತ್ತು. ಅಂಗಳದಲ್ಲಿ ಮಕ್ಕಳು ಚೆಂಡಿನ ಹಿಂದೆ ಬಿದ್ದಿದ್ದರು. ಬಾಗಿಲು ತೆರೆಯಿತು, ನರ್ಸ್ ಒಂದು ಹುಡುಗಿಯನ್ನು ಹೊರಗೆ ಬಿಟ್ಟು, ಇನ್ನೊಂದು ಹೆಸರು ಕೂಗಿದಳು. ಆಟದಲ್ಲಿದ್ದವರು ಯಾರೂ ತಿರುಗಿ ನೋಡಲಿಲ್ಲ. ಕಣ್ಣಿನ ಮೇಲಿನ ಅಂಗೈಯನ್ನು ತೆಗೆಯಲು ಮರೆತ ಆ ಹುಡುಗಿ, ಒಂದೇ ಕಣ್ಣಲ್ಲಿ ಮೆಟ್ಟಿಲಿಳಿದು, ಹಾಗೇ ಚೆಂಡಿನ ಕಡೆ ಓಡಿದಳು.