ಎರಡು ಸಲ ಕರೆದವರು

ಮುಸ್ಸಂಜೆ ಹೊತ್ತು ಯಾರಾದರೂ ಕರೆದರೆ ಕೂಡಲೇ ಓಗೊಡಬಾರದು, ಮೂರನೆಯ ಕರೆಗೆ ಕಾಯಬೇಕು. ಸತ್ತವರು ಎರಡೇ ಸಲ ಕರೆಯುತ್ತಾರೆ, ಮೂರನೆಯದಕ್ಕೆ ಅವರಿಗೆ ನಾಲಗೆ ಹೊರಳುವುದಿಲ್ಲ; ಓಗೊಟ್ಟವರನ್ನು ಜೊತೆಗೆ ಕರೆದೊಯ್ಯುತ್ತಾರೆ. ಇದನ್ನು ಭದ್ರಮ್ಮನಿಗೆ ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ. ಹಾನುಬಾಳು ಸುತ್ತಿನಲ್ಲಿ ಇದನ್ನರಿಯದೆ ಬೆಳೆದ ಮಗು ಇದ್ದರೆ ತೋರಿಸಿ, ನೋಡೋಣ.

ಅವಳ ಗಂಡ ಧರ್ಮ ಮರಗಸಿ ಮಾಡುವವನು. ಮಳೆಗೆ ಮುಂಚೆ ತೋಟದ ಮರ ಹತ್ತಿ, ಕಾಫಿ ಗಿಡಕ್ಕೆ ಬೆಳಕು ಬೀಳುವಂತೆ ಕೊಂಬೆ ಸವರುವ ಕೆಲಸ. ಜೊತೆಗಾರ ಜವರಪ್ಪ ದಿನಾ ಬೆಳಿಗ್ಗೆ ಅಂಗಳದಲ್ಲಿ ನಿಂತು "ಧರ್ಮಾ, ಧರ್ಮಾ" ಎಂದು ಎರಡು ಸಲ ಕರೆಯುತ್ತಿದ್ದ. ತೊಂಬತ್ತೇಳರ ಏಪ್ರಿಲ್‌ನಲ್ಲಿ ಇಬ್ಬರೂ ನಿಂತಿದ್ದ ಕೊಂಬೆ ಮುರಿಯಿತು. ಜವರಪ್ಪ ಅಲ್ಲೇ ಹೋದ. ಧರ್ಮ ಉಳಿದ, ಆದರೆ ಸೊಂಟದ ಕೆಳಗೆ ಜೀವವಿರಲಿಲ್ಲ.

ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕಿ ಎಂಟು ತಿಂಗಳಾಗಿತ್ತು. ಡಾಕ್ಟರ ಸರ್ಟಿಫಿಕೇಟು ಸಿಕ್ಕಿತ್ತು. ಇನ್ನು ಗ್ರಾಮಲೆಕ್ಕಿಗರು ಮನೆಗೆ ಬಂದು ಆಳನ್ನು ಕಣ್ಣಾರೆ ಕಂಡು ಬರೆದುಕೊಂಡರೆ ಮುಗಿಯಿತು. ಅಲ್ಲಿಯವರೆಗೆ ಭದ್ರಮ್ಮನ ಕೂಲಿಯೇ ಗತಿ. ಆ ದುಡ್ಡು ಹಾಕಲು ಗೋಡೆಯ ಗೂಡಿನಲ್ಲಿ ಮೂರು ಲೋಟ ಇಟ್ಟಿದ್ದಳು: ಅಕ್ಕಿಗೊಂದು, ಔಷಧಿಗೊಂದು, ಕಚೇರಿಗೆ ಓಡಾಡುವ ಬಸ್ಸಿಗೊಂದು. ಅಕ್ಕಿಯ ಲೋಟ ಬರಿದಾದರೆ ಗಂಜಿ ತೆಳ್ಳಗಾಗುತ್ತಿತ್ತು, ಔಷಧಿಯದು ಬರಿದಾದರೆ ಧರ್ಮ ಹಲ್ಲು ಕಚ್ಚಿ ಮಲಗುತ್ತಿದ್ದ. ಬಸ್ಸಿನ ಲೋಟಕ್ಕೆ ಮಾತ್ರ ಅವಳು ಕೈ ಹಾಕುತ್ತಿರಲಿಲ್ಲ. ಕಿವಿಯ ಓಲೆ ಹೋಯಿತು, ಹಸುವೂ ಹೋಯಿತು. ತಾಯಮ್ಮನ ಅಂಗಡಿಯಲ್ಲಿ "ಅವ್ರಿಗೆ ಸರ್ಕಾರದ ದುಡ್ಡು ಬರ್ಲಿ ಕಣಕ್ಕಾ, ಎಲ್ಲಾ ತೀರುಸ್ತೀನಿ" ಎಂದು ಹೇಳಿ ಹೇಳಿ ಅವಳಿಗೇ ನಾಚಿಕೆಯಾಗುತ್ತಿತ್ತು.

ಫೆಬ್ರವರಿಯ ಒಂದು ಮುಸ್ಸಂಜೆ, ಮುಚ್ಚಿದ ಬಾಗಿಲಿನಾಚೆ ಗಂಡು ದನಿ ಕೇಳಿತು.

"ಧರ್ಮಾ."

ಧರ್ಮ ಓಗೊಡಲು ಬಾಯಿ ತೆರೆದ. ಭದ್ರಮ್ಮ ದೀಪ ಬಿಟ್ಟು ಓಡಿ ಅವನ ಬಾಯಿ ಮುಚ್ಚಿದಳು.

"ಧರ್ಮಾ."

"ಸುಮ್ಕಿರಿ," ಎಂದಳು ಅವನ ಕಿವಿಯಲ್ಲಿ. "ಮೂರ್ನೇದು ಬರ್ಲಿ."

ಮೂರನೆಯದು ಬರಲಿಲ್ಲ. ಯಾರೋ ತರಗೆಲೆ ತುಳಿದುಕೊಂಡು ಇಳಿದು ಹೋದರು. ಅವಳ ಅಂಗೈ ಗಂಡನ ಉಸಿರಿಗೆ ಒದ್ದೆಯಾಗಿತ್ತು. ಜವರಪ್ಪನ ಕೈಯಿಂದ ಗಂಡನನ್ನು ಉಳಿಸಿಕೊಂಡೆನಲ್ಲ ಎಂದು ಅವಳಿಗೆ ಆ ದಿನ ಎಷ್ಟು ಸಮಾಧಾನವಾಯಿತೆಂದರೆ, ಗಂಜಿಗೆ ಒಂದು ಹಿಡಿ ಅಕ್ಕಿ ಹೆಚ್ಚೇ ಹಾಕಿದಳು.

ತಿಂಗಳ ಮೇಲೆ ಬಸ್ಸಿನ ಲೋಟ ಬೋರಲು ಹಾಕಿ ಕಚೇರಿಗೆ ಹೋದಳು. ಗುಮಾಸ್ತ ನಂಜುಂಡಯ್ಯ ಕಡತ ಬಿಚ್ಚಿ ಓದಿದ: "ಖುದ್ದು ಭೇಟಿ ನೀಡಲಾಗಿ, ಅರ್ಜಿದಾರ ಸದರಿ ಸ್ಥಳದಲ್ಲಿ ವಾಸವಿಲ್ಲ. ಅರ್ಜಿ ತಿರಸ್ಕರಿಸಿದೆ."

"ಮನೇಲೇ ಇದ್ವಲ್ಲ ಸ್ವಾಮಿ. ಎದ್ದೋಗಕ್ಕೆ ಅವ್ರಿಗೆ ಕಾಲೆಲ್ಲೈತೆ?"

"ಲೆಕ್ಕಿಗರು ಸಾಯಂಕಾಲ ಬಂದು ಎರಡು ಸಲ ಕೂಗಿದ್ರಂತಲ್ಲಮ್ಮ. ಓ ಅನ್ನಕ್ಕೆ ಏನಾಗಿತ್ತು?"

ಏನೆಂದು ಹೇಳಿಯಾಳು? ಸತ್ತವನಿಗೆ ಹೆದರಿ ಬದುಕಿದವನ ಬಾಯಿ ಮುಚ್ಚಿದೆ ಎನ್ನಲೇ? ತನ್ನ ಕೈ ಕಂಡು ಅವಳಿಗೇ ಹೇಸಿಗೆಯಾಯಿತು. ಆ ಪುಣ್ಯಾತ್ಮನೂ ಅಷ್ಟೇ, ಇನ್ನೊಂದು ಸಲ ಕೂಗಿದ್ದರೆ ಅವನಪ್ಪನ ಗಂಟೇನು ಹೋಗುತ್ತಿತ್ತೋ.

"ಹೊಸಾ ಅರ್ಜಿ ಕೊಡಿ, ಮತ್ತೆ ಬರ್ತಾರೆ," ಎಂದ ನಂಜುಂಡಯ್ಯ. "ಯಾವತ್ತು ಅಂತ ಹೇಳಕ್ಕಾಗಲ್ಲ."

ಅಂದಿನಿಂದ ಭದ್ರಮ್ಮ ಬಾಗಿಲು ಮುಚ್ಚಲಿಲ್ಲ. ಬಂದವರು ತಿರುಗಿ ಹೋದಾರೆಂದು ಅರ್ಧ ದಿನದ ಕೂಲಿ ಬಿಟ್ಟು ಓಡಿ ಬರುತ್ತಿದ್ದಳು. ಓತಿಕ್ಯಾತ ತರಗೆಲೆಯಲ್ಲಿ ಸರಿದರೂ "ಬಂದೆ ಸ್ವಾಮಿ" ಎನ್ನುತ್ತಿದ್ದಳು.

ಜೂನ್ ತಿಂಗಳ ಮುಸ್ಸಂಜೆ, ಪಾತ್ರೆ ತೊಳೆಯುತ್ತಿದ್ದವಳಿಗೆ ಕೇಳಿತು.

"ಧರ್ಮಾ."

ಎರಡನೆಯ ಕರೆಗೂ ಕಾಯಲಿಲ್ಲ. "ಒಳಗೇ ಅವ್ರೆ ಸ್ವಾಮಿ, ಬನ್ನಿ, ಒಳಿಕ್ಕೆ ಬನ್ನಿ," ಎನ್ನುತ್ತಾ ಒದ್ದೆ ಕೈಯಲ್ಲೇ ಓಡಿದಳು. ಅಂಗಳದಲ್ಲಿ ಯಾರೂ ಇರಲಿಲ್ಲ. ಕೆಸರಿನಲ್ಲಿ ಒಂದು ಹೆಜ್ಜೆಯ ಗುರುತೂ ಇರಲಿಲ್ಲ.

ಹಿಂದಿನಿಂದ ಧರ್ಮನ ದನಿ ಬಂತು. ಅಷ್ಟು ಹುರುಪಿನ ದನಿಯನ್ನು ಅವಳು ವರ್ಷದಿಂದ ಕೇಳಿರಲಿಲ್ಲ.

"ಚಾಪೆ ಹಾಸೇ. ಜವರಪ್ಪ ನಿಂತೇ ಅವ್ನೆ."

ಭದ್ರಮ್ಮ ಬಾಗಿಲು ಮುಚ್ಚಲು ಕೈ ಎತ್ತಿದಳು. ಮುಚ್ಚಿದ ಮೇಲೆ ಗ್ರಾಮಲೆಕ್ಕಿಗರು ಬಂದು ಹೋಗಿಬಿಟ್ಟರೆ? ಕೈ ಇಳಿಸಿದಳು. ಬಾಗಿಲನ್ನು ಹಾಗೇ ತೆರೆದಿಟ್ಟು, ಒಳಗೆ ಹೋಗಿ ಚಾಪೆ ಹಾಸಿದಳು.