ಕೋಡಿಬೇಲೆಯಿಂದ ಬಂದ ಇಪ್ಪತ್ತಮೂರು ಪ್ರವಾಸಿಗರು

ಹಡಗು ಬರುವುದಿಲ್ಲ ಎಂಬ ಸುದ್ದಿ ಹುಬ್ಬಳ್ಳಿಯ ಉಣಕಲ್ಲಿಗೆ ಮುಟ್ಟಿದಾಗ ಬೆಳಗಿನ ಆರೂವರೆ. ಅಷ್ಟೊತ್ತಿಗೆ ಶೇವಂತೆವ್ವ ಮೂವತ್ತೆರಡು ಜೋಳದ ರೊಟ್ಟಿ ಬಡಿದು ಮುಗಿಸಿದ್ದಳು. ಅವಳ ಮಗ ಉದಯಕುಮಾರ ಅಂಗಳದಲ್ಲಿ ನಿಂತು, ಅಂಗಿಗೆ ಸಿಕ್ಕಿಸಿದ ‘ಗೈಡ್’ ಎಂಬ ಪಟ್ಟಿ ನೆಟ್ಟಗಿದೆಯೋ ಇಲ್ಲವೋ ಎಂದು ಐದನೇ ಸಲ ನೋಡಿಕೊಳ್ಳುತ್ತಿದ್ದ. ಫೋನು ಮಾಡಿದವನು ಮಕಬೂಲಸಾಬ. ಹಡಗಿನಿಂದಿಳಿಯುವ ವಿದೇಶಿ ಪ್ರವಾಸಿಗರನ್ನು ಹುಬ್ಬಳ್ಳಿಗೆ ಕರೆತರಲು ಅವನು ಹಿಂದಿನ ದಿನವೇ ತನ್ನ ಬಸ್ಸನ್ನು ಕರಾವಳಿಯ ಕೋಡಿಬೇಲೆ ಎಂಬ ಪುಟ್ಟ ಬಂದರಿಗೆ ಒಯ್ದಿದ್ದ.

“ಉದಯಣ್ಣಾ, ಹಡಗ ಗೋವಾಕ್ಕ ಹೋತಂತ.”

“ಅಂದ್ರ? ಗೋವಾ ಮುಗಿಸಿಕೊಂಡ ಬರ್ತೈತೇನು?”

“ಬರೂದಿಲ್ಲೋ ಮಾರಾಯಾ. ಕಂಪನಿಯವ್ರು ಬಂದರನ ಬದಲ ಮಾಡ್ಯಾರಂತ. ಈಗ ಹೇಳಾಕತ್ತಾರ. ಇಲ್ಲಿ ಮಂದಿ ಹಡಗನ್ನ ಎದುರಗೊಳ್ಳಾಕ ನಸುಕಿನ್ಯಾಗ ದೋಣಿ ಹತ್ತಿ, ಹೂವಿನ ಮಾಲಿ ಹಿಡಕೊಂಡ ಸಮುದ್ರದಾಗ ನಿಂತಾರ. ಅವರಿಗೆ ಇನ್ನೂ ಗೊತ್ತಿಲ್ಲ. ನನಗ ನೋಡಾಕ ಆಗವಲ್ದು, ಬಸ್ಸಿನ್ಯಾಗ ಬಂದ ಕುಂತೇನಿ.”

ಉದಯಕುಮಾರ ಅಲ್ಲೇ ತುಳಸಿಕಟ್ಟೆಯ ಮೇಲೆ ಕುಳಿತ.

ಅವನ ಗಾಬರಿಗೆ ಕಾರಣವಿತ್ತು. ಹಗಲು ಅವನು ತಾರಿಹಾಳದ ಒಂದು ಸಣ್ಣ ಕಾರ್ಖಾನೆಯಲ್ಲಿ ಬೋಲ್ಟುಗಳ ಅಳತೆ ನೋಡುವವನು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬೋಲ್ಟನ್ನು ಪಕ್ಕಕ್ಕೆ ಇಡುವುದು ಅವನ ಕೆಲಸ. ಸಂಜೆ ಹೊತ್ತು ಧಾರವಾಡಕ್ಕೆ ಹೋಗಿ ಎರಡು ವರ್ಷ ಪ್ರವಾಸಿ ಮಾರ್ಗದರ್ಶಕರ ತರಗತಿಯಲ್ಲಿ ಕಲಿತಿದ್ದ. ಬರವಣಿಗೆ ಪರೀಕ್ಷೆ ಪಾಸಾಗಿತ್ತು. ಇನ್ನು ಉಳಿದದ್ದು ಒಂದೇ: ಹಡಗಿನಲ್ಲಿ ಬಂದ ಕನಿಷ್ಠ ಇಪ್ಪತ್ತು ಪ್ರವಾಸಿಗರಿಗೆ ಒಂದು ದಿನ ಊರು ತೋರಿಸಿ, ಅವರಿಂದ ಅಭಿಪ್ರಾಯದ ಫಾರ್ಮು ತುಂಬಿಸಿ ತರಬೇಕು. ಆಗ ಗೈಡ್ ಕಾರ್ಡು. ಹಡಗು ನವೆಂಬರಿನಲ್ಲಿ ಬರಬೇಕಾದದ್ದು ಬರಲಿಲ್ಲ, ಡಿಸೆಂಬರಿನಲ್ಲಿ ಬರಬೇಕಾದದ್ದು ಸೀದಾ ಕೊಚ್ಚಿಗೆ ಹೋಯಿತು. ಇದು ಮೂರನೆಯ ಸಲ. ಫಾರ್ಮು ಕೊಡಲು ಸೋಮವಾರವೇ ಕೊನೆ. ಕೊಡದಿದ್ದರೆ ಮೊದಲಿನಿಂದ ಎರಡು ವರ್ಷ.

“ಇನ್ನೂ ಎರಡ ವರ್ಷ?” ಎಂದಳು ಬಾಗಿಲಲ್ಲಿ ನಿಂತ ಹೆಂಡತಿ ಜಯಮಾಲಾ. “ಓಣ್ಯಾಗಿನವ್ರು ಈಗ ‘ನಿಮ್ಮ ಯಜಮಾನ್ರು ಯಾವೂರಾಗ ಇರ್ತಾರ್ರಿ’ ಅಂತ ಕೇಳಾಕತ್ತಾರ.”

“ನಾ ಏನ ತಪ್ಪ ಮಾಡೇನಿ ಹೇಳ. ಗುಡಿ ಮೆಟ್ಟಲಾ ಸೈತ ಅಳದ ಬಂದಿದ್ದೆ.”

“ಮೆಟ್ಟಲಾ ಅಳದ್ರಿ, ಸಮುದ್ರ ಅಳಿಲಿಲ್ಲ.”

ಶೇವಂತೆವ್ವ ಒಳಗಿನಿಂದ ಕೂಗಿದಳು: “ಏ ಉದಯಾ, ರೊಟ್ಟಿ ಬಡೀಲ್ಯೋ ಬಿಡ್ಲ್ಯೋ?”

ಅವನು ಮತ್ತೆ ಪಟ್ಟಿ ನೋಡಿಕೊಂಡ. ಅವಳು ಬಡಿಯುತ್ತಲೇ ಹೋದಳು.

ಏಳೂವರೆಗೆ ಮತ್ತೆ ಫೋನು. ಈ ಸಲ ಮಕಬೂಲಸಾಬನ ಹಿಂದೆ ಸಂತೆಯಂಥ ಗದ್ದಲ.

“ಇಪ್ಪತ್ತಮೂರ ಮಂದಿ ಹತ್ತ್ಯಾರ. ಹೊಂಟೇನಿ.”

“ಹಡಗ ಬಂತೇನ ಚಾಚಾ!”

“ಹಡಗಿಲ್ಲ, ಊರ ಮಂದಿ. ದೋಣಿಯಿಂದ ಇಳದ, ಮಾಲಿ ಕೈಯಾಗ ಹಿಡಕೊಂಡ ಸುಮ್ಮನ ನಿಂತಿದ್ರಪಾ. ಛಲೋ ಛಲೋ ಸೀರಿ, ತಲಿತುಂಬ ಹೂವು. ಮನಿಗೆ ಹೋಗಾಕ ಮನಸಿಲ್ಲ, ನಿಂದ್ರಾಕ ಕಾರಣಿಲ್ಲ. ‘ಹುಬ್ಬಳ್ಳಿ ನೋಡೀರೇನ್ರಿ’ ಅಂದೆ. ಇಲ್ಲ ಅಂದ್ರು. ‘ಹತ್ರಿ, ನಮ್ಮ ಗೈಡ್ ತಯಾರ ಅದಾನ’ ಅಂದೆ. ನಾ ಖಾಲಿ ಬರೂದು ಹೆಂಗಿದ್ರೂ ಬರೂದ ಅಲ್ಲ?”

“ಚಾಚಾ, ಅವ್ರು ಪ್ರವಾಸಿಗರಲ್ರಿ!”

“ಯಾಕಲ್ಲ? ಬಸ್ಸ ಹತ್ತಿದ ಕೂಡ್ಲೆ ಇಬ್ಬರು ವಾಂತಿ ಮಾಡಿಕೊಂಡಾರ. ಪಕ್ಕಾ ಪ್ರವಾಸಿಗರ.”

ಹನ್ನೊಂದೂವರೆಗೆ ಬಸ್ಸು ಹುಬ್ಬಳ್ಳಿ ರೈಲು ನಿಲ್ದಾಣದ ಮುಂದೆ ನಿಂತಿತು. ಮೊದಲು ಇಳಿದವಳು ಐವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು, ಮೀನು ಮಾರುವ ಮೋಹಿನಿ ಹರಿಕಂತ್ರ. ಅವಳ ಕೈಯಲ್ಲಿ ಚೆಂಡುಹೂವಿನ ಮಾಲೆ ಇನ್ನೂ ಇತ್ತು. ಅತ್ತಿತ್ತ ನೋಡಿ, ಇಡಲು ಬೇರೆ ಜಾಗ ಕಾಣದೆ ಅದನ್ನು ಉದಯಕುಮಾರನ ಕೊರಳಿಗೆ ಹಾಕಿಬಿಟ್ಟಳು. ಅವಳ ಹಿಂದೆ, ಹಡಗಿನ ಸ್ವಾಗತಕ್ಕೆ ಗೊತ್ತುಮಾಡಿದ್ದ ಬಾಜಾದವನು ಡೋಲಿಗೆ ಒಂದೆರಡು ಪೆಟ್ಟು ಹೊಡೆದ. ಪೊಲೀಸರೊಬ್ಬರು ತಿರುಗಿ ನೋಡಿದರು.

ಉದಯಕುಮಾರ ಮಾಲೆಯೊಂದಿಗೇ ನೆಟ್ಟಗೆ ನಿಂತ. ಎರಡು ತಿಂಗಳು ಕನ್ನಡಿಯ ಮುಂದೆ ನಿಂತು ಉರುಹೊಡೆದ ಭಾಷಣ ತಾನಾಗಿಯೇ ಹೊರಬಂತು: “ಗುಡ್ ಮಾರ್ನಿಂಗ್ ಲೇಡೀಸ್ ಆ್ಯಂಡ್ ಜಂಟಲ್‌ಮನ್...” ಇಪ್ಪತ್ತಮೂರು ಮುಖಗಳು ಅವನನ್ನು ಕನಿಕರದಿಂದ ನೋಡಿದವು. ತಪ್ಪಿನ ಅರಿವಾಗಿ ಕನ್ನಡಕ್ಕೆ ಹೊರಳಿದ. ಆದರೆ ಆ ಭಾಷಣವನ್ನು ಅವನು ಕನ್ನಡದಲ್ಲಿ ಒಮ್ಮೆಯೂ ಹೇಳಿದವನಲ್ಲ.

“ಮಾನ್ಯ ಸಮುದ್ರಯಾನಿಗಳೇ, ನಿಮ್ಮ ಸುದೀರ್ಘ ಜಲಪ್ರಯಾಣದ ಆಯಾಸವನ್ನು ಪರಿಹರಿಸುವ ಸಲುವಾಗಿ...”

“ಅಂದ್ರೆ ನಾವಾ?” ಮೋಹಿನಿ ಪಕ್ಕದವಳನ್ನು ಕೇಳಿದಳು. ಆಮೇಲೆ ಇವನ ಕಡೆ ತಿರುಗಿ, “ನೀವು ಯಾವೂರವ್ರು?”

“ಇಲ್ಲೇರಿ, ಉಣಕಲ್ಲ.”

“ಹಾಂಗಾದ್ರೆ ಹಾಂಗೇ ಮಾತಾಡಿ ಮಾರಾಯ್ರೆ. ಎಂತಕ್ಕೆ ಹೆದರ್ತೀರಿ? ನಾವು ಕಚ್ಚುವವ್ರಲ್ಲ.”

ಅವನು ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆಸಿ ಎಲ್ಲರನ್ನೂ ಒಳಗೆ ಕರೆದೊಯ್ದ. ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮು, ಸಾವಿರದ ಐನೂರಾ ಏಳು ಮೀಟರು. ವಯಸ್ಸಾದ ವಿದೇಶಿಯರಿಗೆಂದು ನಲವತ್ತು ನಿಮಿಷ, ನಡುವೆ ಎರಡು ಕಡೆ ವಿಶ್ರಾಂತಿ ಎಂದು ಚೀಟಿಯಲ್ಲಿ ಬರೆದುಕೊಂಡಿದ್ದ. ಬುಟ್ಟಿ ಹೊತ್ತು ಮರಳಿನಲ್ಲಿ ನಡೆದೇ ಬೆಳೆದ ಹೆಂಗಸರು ಅವನು ಅದು ಕಟ್ಟಿದ ಇಸವಿ ಹೇಳಿ ಮುಗಿಸುವುದರೊಳಗೆ ಕಣ್ಣಿಗೆ ಕಾಣದಷ್ಟು ದೂರ ಹೋಗಿದ್ದರು. ಅವನು ಕೊರಳಲ್ಲಿ ಮಾಲೆ ಕುಣಿಸುತ್ತ ಹಿಂದಿನಿಂದ ಓಡಿದ. ತುದಿ ಮುಟ್ಟಿದಾಗ ಅವರು ಆಗಲೇ ಬೆಂಚಿನ ಮೇಲೆ ಕುಳಿತು ಎಲೆಅಡಿಕೆ ಹಾಕುತ್ತಿದ್ದರು.

“ಇಷ್ಟೇಯಾ?” ಎಂದಳು ಮೋಹಿನಿ. “ನಮ್ಮ ಬೇಲೆ ಇದರ ಮೂರು ಪಟ್ಟು ಉದ್ದ.”

ಬೇಲೆ ಎಂದರೆ ಅವರ ಕಡಲತೀರ. ಆ ಮಾತು ಎಳೆದು ತಂದಂತೆ ಉಳಿದದ್ದೆಲ್ಲ ಬಂತು. ಹಡಗಿನವರಿಗೆ ವಾಸನೆ ಬರಬಾರದೆಂದು ಅಧಿಕಾರಿಗಳು ಅವಳ ಒಣಮೀನನ್ನು ಊರಾಚೆಯ ಬೋಳುಗುಡ್ಡಕ್ಕೆ ಹಾಕಿಸಿದ್ದರಂತೆ. ಬಣ್ಣ ಮಾಸಿದ ದೋಣಿಗಳನ್ನು ಹಿನ್ನೀರಿಗೆ ಎಳೆಸಿದ್ದರಂತೆ. ಬೀದಿನಾಯಿಗಳನ್ನು ಸಾಲೆಯ ಕೋಣೆಯಲ್ಲಿ ಕೂಡಿಹಾಕಿ, ಸಾಲೆಯ ಮಕ್ಕಳನ್ನು ಬೀದಿಯಲ್ಲಿ ‘ಹಲೋ’ ಹೇಳಲು ನಿಲ್ಲಿಸಿದ್ದರಂತೆ.

“ಮೂರು ಸಲ ಗೋಡೆಗೆ ಬಣ್ಣ ಹೊಡ್ದಾಯ್ತು. ಆ ಹಡಗಿಗೆ ನಮ್ಮೂರು ಅಂದ್ರೆ ನಕಾಶೆಯಲ್ಲಿ ಒಂದು ಚುಕ್ಕೆ. ಒರೆಸಿ ಬೇರೆ ಕಡೆ ಇಟ್ರು.” ಅವಳು ಹಳಿಯ ಕಡೆ ನೋಡುತ್ತ ಹೇಳಿದಳು. “ನಾಯಿಗಳನ್ನ ಬಿಟ್ರೋ ಇಲ್ವೋ, ಕೇಳ್ಬೇಕಿತ್ತು.”

ಉದಯಕುಮಾರನಿಗೆ ನಾಚಿಕೆಯಾಯಿತು. ಬೆಳಗಿನಿಂದ ಅವನು ಯೋಚಿಸಿದ್ದು ತನ್ನ ಇಪ್ಪತ್ತು ಫಾರ್ಮುಗಳನ್ನು ಮಾತ್ರ. ಚೀಟಿಯನ್ನು ಮಡಿಚಿ ಜೇಬಿಗಿಟ್ಟ. ಅಭ್ಯಾಸಬಲದಿಂದ, ಚಾವಣಿಯ ಕಂಬದ ಬುಡದಲ್ಲಿದ್ದ ಬೋಲ್ಟನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ.

“ಎಂತ ನೋಡ್ತೀರಿ?” ಎಂದ ದೋಣಿ ನಡೆಸುವ ತಾಂಡೇಲನೊಬ್ಬ.

“ಬೋಲ್ಟರಿ. ನಮ್ಮ ಕಾರ್ಖಾನೀದಲ್ಲ, ಬ್ಯಾರೆಯವ್ರದು. ಆದ್ರ ಛಲೋ ಐತಿ, ಸುಳ್ಳ ಹೇಳಬಾರದು.”

“ನಮ್ಮ ಎಂಜಿನ್ನಿನ ಬೋಲ್ಟು ಆರು ತಿಂಗಳಿಗೇ ತುಕ್ಕು ತಿಂದು ಸಡಿಲಾಗ್ತದೆ. ಎಂತ ಮಾಡೋದು?”

ಅಷ್ಟೇ ಸಾಕಾಯಿತು. ಉಪ್ಪುನೀರು ಕಬ್ಬಿಣವನ್ನು ಹೇಗೆ ತಿನ್ನುತ್ತದೆ, ಯಾವ ಲೇಪ ಎಷ್ಟು ದಿನ ತಡೆಯುತ್ತದೆ, ವಾಷರು ತಿರುವು ಮುರುವಾದರೆ ಏನಾಗುತ್ತದೆ ಎಂದು ಉದಯಕುಮಾರ ಮುಕ್ಕಾಲು ಗಂಟೆ ಮಾತಾಡಿದ. ಒಮ್ಮೆಯೂ ತಡವರಿಸಲಿಲ್ಲ. ಎಂಟು ಮಂದಿ ಗಂಡಸರು ಕಂಬದ ಸುತ್ತ ಕುಕ್ಕರಗಾಲಲ್ಲಿ ಕುಳಿತು ಕೇಳಿದರು. ಎರಡು ರೈಲು ಬಂದು ಹೋದವು. ಇದರಿಂದಾಗಿ ಚಂದ್ರಮೌಳೇಶ್ವರ ಗುಡಿಗೆ ಇಟ್ಟಿದ್ದ ವೇಳೆಯೆಲ್ಲ ಹೋಯಿತು. ಅಳೆದಿಟ್ಟ ಮೆಟ್ಟಿಲುಗಳನ್ನು ಅವರು ಬಸ್ಸಿನ ಕಿಟಕಿಯಿಂದಲೇ ನೋಡಿದರು.

ಊಟದ ಹೊತ್ತಿಗೆ ಎರಡೂವರೆ. ಶೇವಂತೆವ್ವನ ಅಂಗಳದಲ್ಲಿ ಪಂಕ್ತಿ ಕುಳಿತಿತು. ವಿದೇಶಿಯರ ಬಾಯಿ ಸುಡಬಾರದೆಂದು ಮಗ ಹತ್ತು ಸಲ ಹೇಳಿದ್ದರಿಂದ ಅವಳು ಎಣ್ಣೆಗಾಯಿಗೆ ಖಾರವನ್ನೇ ಹಾಕಿರಲಿಲ್ಲ. ಮೋಹಿನಿ ಒಂದು ತುತ್ತು ಉಂಡು ನಿಲ್ಲಿಸಿದಳು.

“ಅಕ್ಕಾ, ಯಾರಿಗಾದ್ರೂ ಹುಷಾರಿಲ್ವಾ?”

“ನನ್ನ ಮಗಗ ಇಲ್ಲ ನೋಡವಾ,” ಎಂದಳು ಶೇವಂತೆವ್ವ. “ಎರಡ ವರ್ಷ ಆತು. ಸಂಜಿ ಸಾಲಿ ಹಚ್ಚಿಕೊಂಡಾನ.”

ಮೋಹಿನಿ ನಕ್ಕು ಚೀಲದಿಂದ ಒಂದು ಗಂಟು ಬಿಚ್ಚಿದಳು. ಬಸ್ಸು ಊರಾಚೆಯ ಗುಡ್ಡ ದಾಟುವಾಗ ಇಳಿದು ಎತ್ತಿಕೊಂಡಿದ್ದ ಒಣಮೀನು. ಹೆಂಚಿನ ಮೇಲೆ ಹುರಿದ ಆ ಮೀನಿನ ಘಮ ಉಣಕಲ್ ಕೆರೆಯವರೆಗೂ ಹೋಗಿರಬೇಕು. ಅದನ್ನು ಕೆಂಪು ಖಾರದ ಜೊತೆ ರೊಟ್ಟಿಗೆ ಸುತ್ತಿಕೊಂಡು ತಿಂದ ಮಕಬೂಲಸಾಬ, ಹಡಗು ಬಂದಿದ್ದರೆ ಇದು ಸಿಗುತ್ತಿತ್ತೇ ಎಂದು ಗಟ್ಟಿಯಾಗಿಯೇ ಕೇಳಿದ.

ಊಟವಾದ ಮೇಲೆ ಜಯಮಾಲಾ ಒಳಗಿನಿಂದ ಫಾರ್ಮುಗಳ ಕಟ್ಟು ತಂದಳು. ಉದಯಕುಮಾರ ಅಡ್ಡ ಬಂದ.

“ಬ್ಯಾಡ. ಅದು ಹಡಗಿನವರಿಗೆ. ಸುಳ್ಳ ಆಕ್ಕೈತಿ.”

“ಸುಳ್ಳ ಯಾಕ ಬರೀತಾರ? ಖರೇ ಏನೈತಿ ಅದನ್ನ ಬರೀತಾರ. ನೀವ ಸುಮ್ನ ಕೂಡ್ರಿ.”

ಖರೆಯದನ್ನೇ ಬರೆದರು. ಓದುಬರಹ ಬಾರದವರಿಗೆ ಜಯಮಾಲಾ ಬರೆದುಕೊಟ್ಟಳು. ಸಂಜೆ ಬಸ್ಸು ಹೊರಡುವಾಗ ಮೋಹಿನಿ ಕಿಟಕಿಯಿಂದ ಕೈ ಹಾಕಿ ಉದಯಕುಮಾರನ ಪಟ್ಟಿಯನ್ನು ನೆಟ್ಟಗೆ ಮಾಡಿದಳು. ಅದು ಬೆಳಗಿನಿಂದ ಸೊಟ್ಟಗಿತ್ತು.

ಸೋಮವಾರ ಧಾರವಾಡದಲ್ಲಿ, ತರಗತಿಯ ಮುಖ್ಯಸ್ಥರಾದ ಶಿವಯೋಗೀಶ ಸರ್ ಕನ್ನಡಕ ಏರಿಸಿ ಮೊದಲನೆಯ ಫಾರ್ಮು ಓದಿದರು.

“ಹಡಗಿನ ಹೆಸರು: ಜಲದುರ್ಗಾ. ಕೋಣೆ ಸಂಖ್ಯೆ: ಎಂಜಿನ್ ಬದಿಗೆ, ಐಸು ಪೆಟ್ಟಿಗೆ ಮೇಲೆ.” ಅವರು ತಲೆ ಎತ್ತಿದರು. “ಹಡಗಿನಲ್ಲಿ ಊಟದ ವ್ಯವಸ್ಥೆ: ಸಿಕ್ಕಿದ್ದು. ಸಮುದ್ರದ ಮೇಲೆ ಎಷ್ಟು ದಿನ: ನಲವತ್ತೊಂದು ವರ್ಷ. ಏನ್ರೀ ಇದು ಉದಯಕುಮಾರ?”

ಉದಯಕುಮಾರ ಎದ್ದು ನಿಂತು, ರಾತ್ರಿಯೆಲ್ಲ ತಿದ್ದಿ ತಿದ್ದಿ ಬರೆದ ಮೂರು ಪುಟದ ವಿವರಣೆ ಮುಂದಿಟ್ಟ. ಇವರು ವಿದೇಶಿಯರಲ್ಲ, ಹಡಗು ಬಂದಿಲ್ಲ, ಆದರೆ ಆ ದಿನ ಬೆಳಿಗ್ಗೆ ಇಪ್ಪತ್ತಮೂರೂ ಮಂದಿ ದೋಣಿಗಳಿಂದ ಇಳಿದು ಬಸ್ಸು ಹತ್ತಿದ್ದು ನಿಜ, ಗುಡಿ ತೋರಿಸದಿದ್ದದ್ದು ತನ್ನದೇ ತಪ್ಪು ಎಂದು ಅದರಲ್ಲಿತ್ತು.

ಸರ್ ಮೂರೂ ಪುಟ ಓದಿದರು. ಆಮೇಲೆ ಕಪಾಟಿನಿಂದ ನಿಯಮದ ಪುಸ್ತಕ ತೆಗೆದು ಒಂದು ಪುಟದ ಮೇಲೆ ಬೆರಳಾಡಿಸಿದರು.

“ಹಡಗು ಎಷ್ಟ ದೊಡ್ಡದಿರಬೇಕು ಅಂತ ಇಲ್ಲಿ ಬರದಿಲ್ಲ.”

“ಆದ್ರ ಸರ್, ಅವ್ರು ದೋಣಿ ಇಳದ ಮ್ಯಾಲೆ ಸೀದಾ ಬಸ್ಸ ಹತ್ತಿಲ್ರಿ. ನಡುವ ಒಂದೊಂದ ಕಪ್ಪ ಚಹಾ ಕುಡದಾರಂತ...”

“ಉದಯಕುಮಾರ.”

“ಸರ್.”

“ಬಾಯಿ ಮುಚ್ಚಿಕೊಂಡ ಕೂಡ್ರಿ.”

ಅವರು ಕಾರ್ಡಿಗೆ ಮೊಹರು ಒತ್ತಿದರು. ಒಂದೊಂದೇ ಫಾರ್ಮು ತಿರುವುತ್ತ, ‘ಸುಧಾರಿಸಬೇಕಾದ ಅಂಶ’ ಎಂಬ ಕೊನೆಯ ಸಾಲಿನಲ್ಲಿ ಇಪ್ಪತ್ತಮೂರು ಮಂದಿಯೂ ಒಂದೇ ಮಾತು ಬರೆದಿರುವುದನ್ನು ನೋಡಿ ಹುಬ್ಬು ಗಂಟಿಕ್ಕಿದರು.

“ಇದನ್ನ ಮಾತ್ರ ಮುಂದಿನ ಸಲ ಸರಿ ಮಾಡ್ರಿ,” ಎಂದು ಕಾರ್ಡಿನ ಜೊತೆ ಒಂದು ಫಾರ್ಮನ್ನೂ ಅವನ ಕೈಗಿಟ್ಟರು.

ಉದಯಕುಮಾರ ಬಸ್ಸಿನಲ್ಲಿ ಕಾರ್ಡನ್ನು ಹಿಂದೆಮುಂದೆ ನೋಡಿ, ಹೆಸರಿನ ಕಾಗುಣಿತ ಮೂರು ಸಲ ಪರೀಕ್ಷಿಸಿದ. ನವನಗರ ದಾಟಿದ ಮೇಲೆ ಫಾರ್ಮಿನ ಕೊನೆಯ ಸಾಲು ಓದಿ, ಮನೆಗೆ ಫೋನು ಮಾಡಿದ.

“ಸಿಕ್ತೇನ್ರಿ?” ಎಂದಳು ಜಯಮಾಲಾ.

“ಸಿಕ್ತು. ಅವ್ವಗ ಹೇಳ, ಮುಂದಿನ ಸಲ ಯಾರ ಬಂದ್ರೂ ಖಾರ ಹಾಕಂತ.”